ಐದು ಸ್ಟಾರಿನ ಮುಯ್ಯಿ

ಹೆಗ್ಗನಹಳ್ಳಿಯ ಬೆಟ್ಟಯ್ಯನಿಗೆ ದನ ನೋಡುವ ಕಣ್ಣು ಅಪ್ಪನಿಂದ ಬಂದದ್ದು. ಮಾಗಡಿ ರಸ್ತೆಯ ಎರಡೂ ಮಗ್ಗುಲಲ್ಲಿ ರಾಗಿ ಹೊಲಗಳಿದ್ದ ಕಾಲದಲ್ಲಿ ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಯಾರು ಎತ್ತು ತಂದರೂ, ಹಸು ಕಟ್ಟಿದರೂ, ಮೊದಲು ಈ ಮನೆಯವರೊಬ್ಬರು ಹೋಗಿ ಸುಳಿ ನೋಡಿ, ಹಲ್ಲು ನೋಡಿ, ಬೆನ್ನ ಮೇಲೆ ಕೈಯಾಡಿಸಿ ‘ಕಟ್ಕೊಳ್ಳಿ’ ಅನ್ನಬೇಕಿತ್ತು. ಆ ಒಂದು ಮಾತು ಹೊರಡುವುದಕ್ಕೆ ಅಪ್ಪ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ. ದನದ ಸುತ್ತ ಸುತ್ತುವನು, ದೂರ ಹೋಗಿ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚುವನು, ಅದು ಸಗಣಿ ಹಾಕುವವರೆಗೂ ಕಾಯುವನು. ಕೊಟ್ಟವನಿಗೂ ಕೊಂಡವನಿಗೂ ಮಧ್ಯೆ ನಿಂತ ಮಾತು ಅದು. ತಪ್ಪಿದರೆ ಒಂದು ಸಂಸಾರವೇ ಬಾಯಿಗೆ ಮಣ್ಣು ಹಾಕಿಕೊಂಡಂತೆ.

ಈಗ ಹೊಲವಿಲ್ಲ. ಹೊಲವಿದ್ದ ಕಡೆ ಮೂರಂತಸ್ತಿನ ಮನೆ, ಮೇಲಿನ ಎರಡರಲ್ಲಿ ಬಾಡಿಗೆಯವರು, ಕೆಳಗೆ ಬೆಟ್ಟಯ್ಯ, ಹೆಂಡತಿ ರಾಮಕ್ಕ, ಮಗ ನಾಗೇಂದ್ರನ ಸಂಸಾರ. ನಾಗೇಂದ್ರನಿಗೆ ಸುಂಕದಕಟ್ಟೆಯಲ್ಲಿ ಪೇಂಟು, ಪೈಪು ಮಾರುವ ಅಂಗಡಿ. ಆದರೂ ಊರಿನ ಸಂದಿಗೊಂದಿಗಳಲ್ಲಿ ಹತ್ತಿಪ್ಪತ್ತು ದನ ಉಳಿದಿದ್ದವು. ಮೋರಿ ಪಕ್ಕದ ಖಾಲಿ ಸೈಟಿನಲ್ಲಿ ಶೀಟು ಹೊದಿಸಿಕೊಂಡು ಎರಡು ಸೀಮೆಹಸು ಕಟ್ಟಿದ್ದ ಮುನಿತಾಯಮ್ಮ ಅಂಥವರಲ್ಲಿ ಒಬ್ಬಳು. ಗಂಡ ಹೋಗಿ ಹತ್ತು ವರ್ಷ. ಮಗಳು ಸೀತಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹಸು ಒಂದು ಹೊತ್ತು ಮೇವು ಬಿಟ್ಟರೂ ಮುನಿತಾಯಮ್ಮ ಗೇಟಿನ ಹತ್ತಿರ ಬಂದು, “ಬೆಟ್ಟಣ್ಣ, ವಸಿ ಬಂದು ಕೈ ಇಕ್ಕೋಗಿ” ಅನ್ನುತ್ತಿದ್ದಳು. ಬೆಟ್ಟಯ್ಯ ಎಕ್ಕಡ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನನ್ನು ಬೇಕು ಅಂತ ಕರೆಯುವವರು ಇಷ್ಟೇ ಮಂದಿ. ಹೋಗುವಾಗ ಅವನ ನಡಿಗೆಯೇ ಬೇರೆ ಇರುತ್ತಿತ್ತು ಎಂದು ರಾಮಕ್ಕ ಆಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಅವನ ತಂಗಿ ಚಿಕ್ಕಲಕ್ಷ್ಮಮ್ಮನ ಮೊಮ್ಮಗ ಮಧುಕುಮಾರ್ ಒಂದು ಆಪ್ ಮಾಡಿದ. ಹೆಸರು ‘ಹಟ್ಟಿಗಣ್ಣು’. ದನದ ಫೋಟೋ ತೆಗೆದು ಹಾಕಿದರೆ ಕಾಯಿಲೆ ಏನು, ಏನು ಮಾಡಬೇಕು ಎಂದು ಹೇಳುತ್ತದಂತೆ. ಕೆಂಗೇರಿಯ ಸಮುದಾಯ ಭವನದಲ್ಲಿ ಅದನ್ನು ಬಿಡುಗಡೆ ಮಾಡಿದರು. ಮದುವೆಯ ಹಾಗೆ ಪೆಂಡಾಲು, ಹೋಳಿಗೆ ಊಟ. ಒಬ್ಬ ಮಾಜಿ ಕಾರ್ಪೊರೇಟರಿಗೆ ಮೊದಲು ಶಾಲು ಹೊದಿಸಿದರು, ಆಮೇಲೆ ಬೆಟ್ಟಯ್ಯನಿಗೆ. ಅಂಗಳದಲ್ಲಿ ಕೊಂಬಿಗೆ ಸೇವಂತಿಗೆ ಸುತ್ತಿದ ಹಸುವೊಂದನ್ನು ನಿಲ್ಲಿಸಿದ್ದರು. ಮಧು ಅದರ ಫೋಟೋ ತೆಗೆದ. ಫೋನು, “ಹಸು ಆರೋಗ್ಯವಾಗಿದೆ” ಎಂದಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಬೆಟ್ಟಯ್ಯನ ಕಣ್ಣು ಹಸುವಿನ ಹಿಂಗಾಲ ಮೇಲಿತ್ತು. ಅದು ಎಡಗಾಲನ್ನು ಪೂರ್ತಿ ಊರುತ್ತಿರಲಿಲ್ಲ. ಗೊರಸಿನ ಸಂದಿಯಲ್ಲಿ ಕೊಳೆಯುತ್ತಿರುವ ಲಕ್ಷಣ.

“ಮಧು, ಅದರ ಹಿಂಗಾಲು ವಸಿ ತೋರ್ಸ್ಲಾ ಯಾರಿಗಾರ” ಎಂದ, ಮೆಲ್ಲಗೆ.

“ಅದಿನ್ನೂ ಕಲೀತಾ ಐತೆ ತಾತ. ಫೋಟೋ ಬಂದಂಗೆ ಬಂದಂಗೆ ತಾನೇ ಕಲ್ಕೊಳ್ಳುತ್ತೆ.”

“ಕಲ್ಯೋ ಗಂಟ ದನ ಕಾದಿರ್ತಾವೇನ್ಲಾ?”

ಹುಡುಗ ನಕ್ಕು, “ತಾತ ಸೂಪರ್ ನೀವು” ಎನ್ನುತ್ತ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ.

ಊಟ ಮುಗಿದ ಮೇಲೆ ಮಧುವಿನ ಅಪ್ಪ, ಚಿಕ್ಕಲಕ್ಷ್ಮಮ್ಮನ ಮಗ ಮಂಜುನಾಥ್ ಪಂಕ್ತಿಯಿಂದ ಪಂಕ್ತಿಗೆ ಓಡಾಡಿದ. “ಎಲ್ರೂ ಮೊಬೈಲ್ ತೆಗೀರಪ್ಪ. ಇಳಿಸ್ಕೊಳ್ಳಿ, ಐದು ಸ್ಟಾರ್ ಒತ್ತಿ, ಎರಡು ಮಾತು ಬರೀರಿ. ನಮ್ಮುಡುಗನ್ನ ನಾವು ಎತ್ತದೆ ಇನ್ಯಾರು ಎತ್ತಬೇಕು?” ಜನಕ್ಕೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮದುವೆಮನೆಗೆ ಹೋದವರು ಮುಯ್ಯಿ ಇಡುತ್ತಾರೆ. ಗಂಡು ಹೇಗಿದ್ದಾನೆ ಎಂದು ಮುಯ್ಯಿಯ ಕವರಿನ ಮೇಲೆ ಯಾರೂ ಬರೆಯುವುದಿಲ್ಲ. ಇವರು ನಾಳೆ ಅವರ ಮನೆಗೆ ಬರುತ್ತಾರೆ, ಅವರು ಇವರ ಮನೆಗೆ. ದನದ ಬಾಲ ಹಿಡಿದು ಗೊತ್ತಿಲ್ಲದ ಸೊಸೆಯಂದಿರು ‘ತುಂಬಾ ಉಪಯೋಗವಾಯಿತು’ ಎಂದು ಬರೆದರು. ಬಾಪೂಜಿ ನಗರದ ನಾಲ್ಕನೇ ಅಂತಸ್ತಿನಲ್ಲಿರುವ ಬೀಗರು ‘ನಮ್ಮ ಹಸು ಬದುಕಿತು’ ಎಂದು ಬರೆದರು.

ನಾಗೇಂದ್ರ ಅಪ್ಪನ ಫೋನು ಇಸಿದುಕೊಂಡ. “ಏನ್ ಹಾಕ್ಲಿ ಹೇಳಪ್ಪ.”

ಬೆಟ್ಟಯ್ಯ ಎಲೆಯಡಿಕೆ ಜಗಿಯುತ್ತಿದ್ದ. ಎದುರಿಗೆ ತಂಗಿ ಕೂತಿದ್ದಳು, ಹೊಸ ಸೀರೆಯುಟ್ಟು, ಅಣ್ಣ ಏನು ಹೇಳುತ್ತಾನೋ ಎಂದು ಬಾಯಿ ನೋಡುತ್ತ. ತವರಿಂದ ಅವಳಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬ ಮಾತು ಹೊಲ ಸೈಟುಗಳಾಗಿ ಪಾಲಾದಾಗಿನಿಂದ ಒಳಗೊಳಗೇ ಇತ್ತು.

“ಅರವತ್ತು ವರ್ಷ ದನ ನೋಡ್ದೋನು ಅಂತ ಬರಿ,” ಎಂದ.

“ಬರ್ದೆ.”

“ಇದನ್ನ ನೋಡ್ದೆ ಅಂತ ಹಾಕು.”

“ನಂಬಬಹುದು ಅಂತ ಹಾಕ್ಲಾ?”

ಬೆಟ್ಟಯ್ಯ ಅಂಗಳದ ಕಡೆ ನೋಡಿದ. ಹಸುವನ್ನು ಆಗಲೇ ಟೆಂಪೊಗೆ ಹತ್ತಿಸುತ್ತಿದ್ದರು. “ಹಾಕು” ಎಂದ. ಮಗ ಫೋನು ಹಿಡಿದುಕೊಟ್ಟ. ಐದನೇ ಸ್ಟಾರನ್ನು ಬೆಟ್ಟಯ್ಯನೇ ಹೆಬ್ಬೆರಳಿನಿಂದ ಒತ್ತಿದ. ಚಿಕ್ಕಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ವಾರದೊಳಗೆ ಮಧು ಆ ಮಾತುಗಳನ್ನು ಆಪಿನ ಮುಖದ ಮೇಲೇ ಹಾಕಿದ. ತೆರೆದ ಕೂಡಲೇ ಶಾಲು ಹೊದ್ದ ಬೆಟ್ಟಯ್ಯನ ಫೋಟೋ, ಅಡಿಯಲ್ಲಿ ಅವನ ಹೆಸರು, ಊರು, ‘ನಂಬಬಹುದು’. ಮಾಗಡಿ ರಸ್ತೆಯ ಟೀ ಅಂಗಡಿಯವನು ಕೂಡ ತೋರಿಸಿ, “ಯಜಮಾನ್ರು ಫೇಮಸ್ ಆಗ್ಬಿಟ್ರಲ್ಲ” ಅಂದ. ಬೆಟ್ಟಯ್ಯನಿಗೆ ಒಳಗೊಳಗೇ ಖುಷಿಯೂ ಆಯಿತು. ಅದನ್ನು ಸುಳ್ಳು ಅನ್ನಲಾಗದು.

ಕಾರ್ತಿಕದಲ್ಲಿ ಮುನಿತಾಯಮ್ಮನ ದೊಡ್ಡ ಹಸು ಮೂರನೇ ಸೂಲಿನ ಕರು ಹಾಕಿತು. ಹೆಣ್ಣುಗರು. ರಾಮಕ್ಕ ಗಿಣ್ಣು ಬರುತ್ತದೆಂದು ಬೆಲ್ಲ ಕುಟ್ಟಿ ಏಲಕ್ಕಿ ಬಿಡಿಸಿ ಇಟ್ಟುಕೊಂಡಿದ್ದಳು. ಒಂದು ದಿನ ಕಳೆಯಿತು, ಗಿಣ್ಣು ಬರಲಿಲ್ಲ. ಮಾರನೆಯ ಬೆಳಿಗ್ಗೆ ದಿನದ ಹಾಲೂ ಬರಲಿಲ್ಲ.

“ಏನೋ ಆಗೈತೆ, ನೋಡ್ಕಂಡ್ ಬನ್ನಿ” ಎಂದಳು.

ಬೆಟ್ಟಯ್ಯ ಹೋಗುವ ಹೊತ್ತಿಗೆ ಶೀಟಿನ ಮುಂದೆ ಲಾರಿ ನಿಂತಿತ್ತು. ಹಸುವಿನ ಕಾಲಿಗೆ ಹಗ್ಗ ಕಟ್ಟಿ ಹಲಗೆಯ ಮೇಲೆ ಎಳೆಯುತ್ತಿದ್ದರು. ಅದರ ಕತ್ತು ಎಡಕ್ಕೆ ತಿರುಗಿ ಪಕ್ಕೆಗೆ ಒತ್ತಿಕೊಂಡ ಹಾಗೆಯೇ ಸೆಟೆದುಹೋಗಿತ್ತು. ಅಷ್ಟು ನೋಡಿದ್ದೇ ಸಾಕಾಯಿತು ಅವನಿಗೆ. ಕರು ಹಾಕಿದ ಒಂದೆರಡು ದಿನದಲ್ಲಿ, ಹಾಲು ಜೋರಾಗಿರುವ ಹಸುವಿಗೆ ಬರುವ ಹಾಲುಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಾಗುತ್ತ ಹೋಗುತ್ತದೆ. ಕಿವಿಯ ಬುಡ ಮುಟ್ಟಿದರೆ ಕುರುಡನಿಗೂ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಡಾಕ್ಟರು ಬಂದು ನರಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಏರಿಸಿದರೆ ಗಂಟೆಯೊಳಗೆ ಎದ್ದು ಮೇವಿಗೆ ಬಾಯಿ ಹಾಕುತ್ತದೆ. ಹಾಗೆ ಎದ್ದು ನಿಂತ ಹತ್ತಾರು ಹಸುಗಳನ್ನು ಅವನು ಕಂಡಿದ್ದ.

“ಯಾವಾಗ ಮಲಗ್ತು?”

“ನಿನ್ನೆ ಬೆಳಗ್ಗೆ,” ಎಂದಳು ಮುನಿತಾಯಮ್ಮ. ಅಳು ಮುಗಿದ ಮುಖ.

“ನಿನ್ನೆ ಬೆಳಗ್ಗೆ! ನಾಕ್ ಹೆಜ್ಜೆ ಮೇಲೆ ನಾನಿದೀನಿ. ಯಾಕ್ ಕರೀಲಿಲ್ಲ?”

ಮುನಿತಾಯಮ್ಮ ಅವನನ್ನು ವಿಚಿತ್ರವಾಗಿ ನೋಡಿದಳು. “ಕರ್ದಂಗೇ ಅಲ್ವಾ ಬೆಟ್ಟಣ್ಣ? ಅದರೊಳಗೆ ನೀವೇ ಕುಂತಿದ್ರಲ್ಲ.”

ಸೀತಾ ಫೋನು ತೆಗೆದು ತೋರಿಸಿದಳು. ಮಲಗಿದ ಹಸುವಿನ ಫೋಟೋ, ಕತ್ತು ತಿರುಗಿಸಿಕೊಂಡು. ಅದರ ಕೆಳಗೆ: ‘ಹೆರಿಗೆಯ ದಣಿವು. ಬೆಲ್ಲದ ನೀರು ಕುಡಿಸಿ, ವಿಶ್ರಾಂತಿ ಕೊಡಿ. ಹನ್ನೆರಡು ಗಂಟೆಯ ನಂತರ ಮತ್ತೆ ಫೋಟೋ ಹಾಕಿ.’

“ಬೆಲ್ಲದ ನೀರು ಕುಡ್ಸಿದ್ರಾ?”

“ಬಿದಿರು ಗೊಟ್ಟದಲ್ಲಿ ಬಾಯಿಗೆ ಉಯ್ದೊ. ನುಂಗ್ಲಿಲ್ಲ, ಕೆಮ್ಮಿಬಿಡ್ತು. ನಾನು ಡಾಕ್ಟ್ರುಗೆ ಫೋನ್ ಮಾಡ್ತೀನಿ ಅಂದೆ ಮಾವ,” ಎಂದಳು ಸೀತಾ. “ಅಮ್ಮನೇ ಬೇಡ ಅಂದ್ಳು. ಬೆಟ್ಟಣ್ಣನೇ ನಂಬಬಹುದು ಅಂತ ಹೇಳವ್ರೆ, ನೀನ್ ಅವರಿಗಿಂತ ಬಲ್ಲೋಳಾ ಅಂತ ಬೈದ್ಳು. ಸಾಯಂಕಾಲಕ್ಕೆ ಕಣ್ಣು ಮೇಲೆ ಸಿಗಾಕ್ಕೊಂತು.”

ಲಾರಿ ಹೊರಟಿತು. ಹಿಂದೆ ಶೀಟಿನೊಳಗೆ ಕರು ಕೂಗುತ್ತಿತ್ತು. ಬೆಟ್ಟಯ್ಯ ಮನೆಗೆ ಬಂದುಬಿಟ್ಟ. ಭವನದ ಅಂಗಳದಲ್ಲಿ ಕಾಲೂರದ ಹಸುವನ್ನು ಕಣ್ಣಾರೆ ಕಂಡೂ ‘ಹಾಕು’ ಎಂದವನು ಅವನು.

ಸಂಜೆ ಮಗ ಅಂಗಡಿಯಿಂದ ಬಂದಾಗ, “ನನ್ನ ಮಾತು ಅದರಿಂದ ತೆಗ್ದಾಕು” ಎಂದ.

ನಾಗೇಂದ್ರ ಕೈಕಾಲು ತೊಳೆದು ಬಂದು ಕೂತು ಪೂರ್ತಿ ಕೇಳಿದ. “ಅಯ್ಯೋ ಪಾಪ” ಎಂದ. ಆಮೇಲೆ, “ಅಪ್ಪ, ಹಸು ಆಸ್ಪತ್ರೇಲೂ ಸಾಯ್ತವೆ. ಈಗ ನೀನು ಸ್ಟಾರ್ ಕಿತ್ಕೊಂಡ್ರೆ ಅತ್ತೆ ಏನಂದ್ಕೋತಾಳೆ? ಹಾಕಿದ ಮುಯ್ಯಿ ವಾಪಸ್ ಇಸ್ಕೊಂಡಂಗೆ. ಯಾರಾದ್ರೂ ಮಾಡ್ತಾರಾ ಆ ಕೆಲಸ?”

“ಅದು ಮುಯ್ಯಿ ಅಲ್ಲ ಕಣ್ಲಾ. ಮಾತು.”

“ಹಾಕೋವಾಗ ಮುಯ್ಯಿ ಅಂತ್ಲೇ ಹಾಕಿದ್ದು.”

ಮಗ ಹೇಳಿದ್ದು ನಿಜ. ಅದಕ್ಕೇ ಬೆಟ್ಟಯ್ಯನಿಗೆ ಕೋಪ ಬಂತು. ಮಾರನೆಯ ದಿನ ಬಸ್‌ಸ್ಟಾಪಿನ ಪಕ್ಕದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ರಾಗಿಣಿಯ ಹತ್ತಿರ ಹೋದ. ಆ ಹೆಂಗಸು ಫೋನು ನೋಡಿ, “ತಾತ, ಇದು ನಿಮ್ದೇ ಫೋಟೋ ಅಲ್ವಾ? ನಿಮಗೇ ನೀವು ಒಂದು ಸ್ಟಾರ್ ಕೊಡ್ತೀರಾ?” ಎಂದು ನಕ್ಕಳು.

“ಕೊಡು ತಾಯಿ. ನಾನ್ ಹೇಳ್ದಂಗೆ ಬರಿ.”

ನಿಂತುಕೊಂಡೇ ಹೇಳಿದ. ಒಂದೊಂದು ಮಾತಿಗೂ ನಿಲ್ಲುತ್ತಿದ್ದ. ರಾಗಿಣಿ ಗಿರಾಕಿಗಳನ್ನು ಕಾಯಿಸಿ ಬರೆದಳು. ‘ಈ ಆಪ್‌ಗೆ ದನದ ಮೈ ಮುಟ್ಟಲು ಬರುವುದಿಲ್ಲ. ಕರು ಹಾಕಿದ ಹಸು ಕತ್ತು ತಿರುಗಿಸಿ ಮಲಗಿದರೆ ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಬಾಯಿಗೆ ಏನೂ ಹಾಕಬೇಡಿ, ಡಾಕ್ಟರನ್ನು ಕರೆಯಿರಿ. ಇದನ್ನು ಕೇಳಿ ನಮ್ಮೂರಿನಲ್ಲಿ ಒಂದು ಹಸು ಸತ್ತಿದೆ. ನಾನು ಮೊದಲು ಹೇಳಿದ್ದು ಪರೀಕ್ಷೆ ಮಾಡದೆ ಹೇಳಿದ್ದು. ನೆಂಟರೆಂದು ಹೇಳಿದ್ದು. ಬೆಟ್ಟಯ್ಯ, ಹೆಗ್ಗನಹಳ್ಳಿ.’

ಮನೆಗೆ ಬರುವಾಗ ಎದೆ ಸ್ವಲ್ಪ ಹಗುರವಾಗಿತ್ತು. ತನ್ನ ಮಾತಿಗೆ ತೂಕವಿದೆ, ಹಾಕಿದ್ದನ್ನು ಜನ ನಂಬಿದರು ಅಂದಮೇಲೆ ತೆಗೆದದ್ದನ್ನೂ ನಂಬುತ್ತಾರೆ ಎಂಬುದು ಅವನ ಲೆಕ್ಕ.

ಮೂರನೆಯ ದಿನ ಭಾನುವಾರ. ಹತ್ತು ಗಂಟೆಗೆ ಕೆಂಗೇರಿಯಿಂದ ಕಾರು ಬಂತು. ಮಂಜುನಾಥ್, ಮಧು, ಮಧ್ಯೆ ಚಿಕ್ಕಲಕ್ಷ್ಮಮ್ಮ. ಅವಳ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎಲೆಯಡಿಕೆ, ತೆಂಗಿನಕಾಯಿ, ಜರಿಯಂಚಿನ ಪಂಚೆ, ಮಡಿಸಿದ ಇನ್ನೊಂದು ಶಾಲು. ಬಾಗಿಲಲ್ಲೇ ಅತ್ತಳು.

“ತಪ್ಪಾಯ್ತು ಕಣಣ್ಣ. ಆ ಕಾರ್ಪೊರೇಟರ್‌ಗೆ ಮೊದಲು ಶಾಲು ಹೊದಿಸ್ಬಾರದಿತ್ತು. ನಾನು ಅವತ್ತೇ ಇವನಿಗೆ ಹೇಳ್ದೆ, ಸೋದರಮಾವ ಇರೋವಾಗ ಇನ್ಯಾವನ್ಲಾ ಅಂತ.”

“ಶಾಲಿನ ಇಚಾರ ಅಲ್ಲ ಕಣಮ್ಮ.”

“ಗೊತ್ತು ಬಿಡು. ಊಟದಲ್ಲೂ ಅಷ್ಟೆ. ನಿನ್ನ ಎರಡನೇ ಪಂಕ್ತಿಗೆ ಕೂರಿಸಿದ್ರು.”

“ಮುನಿತಾಯಮ್ಮನ ಹಸು ಸತ್ತೋಯ್ತು ಕಣೇ! ಹಾಲುಜ್ವರ. ಇವನ ಫೋನು ಬೆಲ್ಲದ ನೀರು ಕುಡ್ಸು ಅಂತು.”

ಮಂಜುನಾಥ್ ಸಮಾಧಾನದ ದನಿಯಲ್ಲಿ, “ಮಾವ, ಆ ವಿಷ್ಯ ನಾವ್ ನೋಡ್ಕೋತೀವಿ. ಹಸು ನೆಪ ಬೇಡ. ನಿಮ್ಮ ಮನಸ್ಸಲ್ಲಿ ಏನೈತೆ ಅದನ್ನ ಹೇಳಿ. ಸೈಟಿನ ಹಳೇ ಮಾತು ಏನಾದ್ರೂ...” ಎಂದ.

ಬೆಟ್ಟಯ್ಯ ಮಧುವಿನ ಕಡೆ ತಿರುಗಿದ. “ನೀನು ಓದ್ದೋನು. ನೀನಾದ್ರೂ ಕೇಳು. ಫೋಟೋದಲ್ಲಿ ತಣ್ಣಗಿರೋದು ಗೊತ್ತಾಯ್ತದೇನ್ಲಾ?”

ಮಧುವಿನ ಮುಖ ಒಂದು ಗಳಿಗೆ ಇಳಿಯಿತು. “ಇಲ್ಲ ತಾತ,” ಎಂದ. ಅಪ್ಪನನ್ನು ನೋಡಿದ. “ಡಾಕ್ಟರನ್ನ ಕೇಳಿ ಅಂತ ಕೊನೇಲಿ ಒಂದು ಲೈನ್ ಹಾಕಿದೀನಿ ಈಗ. ಆದ್ರೆ ತಾತ, ಮುಂದಿನ ತಿಂಗಳು ಇದಕ್ಕೆ ಬಂಡವಾಳ ಹಾಕೋರು ನೋಡಕ್ಕೆ ಬರ್ತಾವ್ರೆ. ಎಲ್ಲಕ್ಕಿಂತ ಮೇಲೆ ನಿಮ್ಮ ಒಂದು ಸ್ಟಾರ್ ಕೂತೈತೆ.”

“ಅಲ್ಲೇ ಇರ್ಲಿ.”

“ಫೋಟೋ ಮುಂದ್ಗಡೆ ಐತೆ, ಒಳಗೆ ಒಂದು ಸ್ಟಾರ್. ಜನ ನಗ್ತಾರೆ.”

“ಹಂಗಾರೆ ಫೋಟೋ ತೆಗ್ದಾಕು.”

ತಟ್ಟೆಯನ್ನು ಬೆಟ್ಟಯ್ಯ ಮುಟ್ಟಲಿಲ್ಲ. ಚಿಕ್ಕಲಕ್ಷ್ಮಮ್ಮ ಅದನ್ನು ಜಗಲಿಯ ಮೇಲಿಟ್ಟು, ಕಾಫಿಯನ್ನೂ ಕುಡಿಯದೆ, “ತವರಿನ ಬಾಗಿಲು ಇವತ್ತಿಗೆ ಮುಗೀತು” ಎಂದು ಕಾರು ಹತ್ತಿದಳು. ಸಂಜೆ ರಾಮಕ್ಕ ಆ ತಟ್ಟೆಯನ್ನು ಒಳಗಿಟ್ಟಳು. ಬಂದು, “ಸತ್ತ ಹಸು ಎದ್ದು ಬತ್ತದಾ? ಇದ್ದೊಬ್ಬ ತಂಗೀನ ಕಳ್ಕಂಡ್ರಿ” ಎಂದಳು.

ಅದೇ ದಿನ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಮಂಜುನಾಥನ ಸಂದೇಶ ಬಂತು. ಯಾರ ಮೇಲೂ ದೂರಿಲ್ಲ, ಮನಸ್ತಾಪಗಳು ಮನೆಯೊಳಗೇ ಇರಲಿ, ಇನ್ನೂ ಸ್ಟಾರ್ ಒತ್ತದವರು ದಯವಿಟ್ಟು ಒತ್ತಿ ಎಂದು. ಜನ ಒತ್ತಿದರು. ಹೆಂಡತಿಯರ ಫೋನಿನಿಂದ, ಅಜ್ಜಿಯರ ಫೋನಿನಿಂದ, ಬೀಗರ ಬೀಗರ ಫೋನಿನಿಂದ. ಬೆಟ್ಟಯ್ಯನ ಮಾತು ಕೆಳಗೆ ಕೆಳಗೆ ಇಳಿದು ಎಲ್ಲೋ ಹೂತುಹೋಯಿತು. ರಾಗಿಣಿ ಹುಡುಕಿ ಕೊಡುವುದಕ್ಕೇ ಒಂದು ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು. ಅದರಡಿ ಕಂಪನಿಯ ಉತ್ತರ ಕೂತಿತ್ತು: ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು.’

ಟೀ ಅಂಗಡಿಯಲ್ಲಿ ಅವನ ಹಿಂದೆ ಆಡಿಕೊಳ್ಳುತ್ತಿದ್ದರು. “ಶಾಲು ಎರಡನೇದು ಸಿಕ್ತು ಅಂತ ಮುನಿಸಂತೆ ಗುರು.” “ಇಲ್ಲ ಮಗಾ, ಸೈಟಿನ ಗಲಾಟೆ ಅದು. ಹಳೇದು.” ಹಸುವಿನ ಹೆಸರನ್ನು ಯಾರೂ ಎತ್ತಲಿಲ್ಲ. ಬೆಟ್ಟಯ್ಯ ಲೋಟ ಇಟ್ಟು, “ಹಾಲುಜ್ವರ ಅಂತ ಒಂದೈತೆ ಕಣ್ರಪ್ಪ...” ಎಂದು ಶುರುಮಾಡಿದ. ಅವರು ಮರ್ಯಾದೆಯಿಂದ ಕೇಳಿದರು. “ಆಯ್ತು ಬಿಡಿ ಯಜಮಾನ್ರೆ, ನೆಂಟಸ್ತನ ಅಂದ್ಮೇಲೆ ಇದ್ದಿದ್ದೆ,” ಎಂದರು.

ಹದಿನೈದು ದಿನ ಕಳೆದಿರಬೇಕು. ನಾಗೇಂದ್ರ ಊಟಕ್ಕೆ ಕೂತವನು ಫೋನನ್ನು ಅಪ್ಪನ ಕಡೆ ತಿರುಗಿಸಿದ. “ನೋಡು. ಯಾರಿಗೋಸ್ಕರ ನೀನು ಅಷ್ಟೆಲ್ಲ ಮಾಡಿದ್ಯೋ ಅವರೇ.”

ಐದು ಸ್ಟಾರ್. ‘ಬಹಳ ಉಪಯುಕ್ತ ಆಪ್. ಹಸು ಸಾಕುವವರೆಲ್ಲರೂ ಇಟ್ಟುಕೊಳ್ಳಬೇಕು. ಮುನಿತಾಯಮ್ಮ, ಹೆಗ್ಗನಹಳ್ಳಿ.’

ತಟ್ಟೆಯಲ್ಲಿ ಮುದ್ದೆ ಅರ್ಧ ಇತ್ತು. ಬೆಟ್ಟಯ್ಯ ಕೈ ತೊಳೆದು ಎಕ್ಕಡ ಮೆಟ್ಟಿಕೊಂಡ. ಮಧ್ಯಾಹ್ನದ ಬಿಸಿಲಿಗೆ ಕಾಂಕ್ರೀಟು ರಸ್ತೆ ಕಾದಿತ್ತು. ದಾರಿಯುದ್ದಕ್ಕೂ, ಅದನ್ನು ಅವಳು ಬರೆದಿರಲಾರಳು, ಬೇರೆ ಯಾರೋ ಅವಳ ಹೆಸರು ಹಾಕಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡ.

ಶೀಟಿನ ಕೆಳಗೆ ದೊಡ್ಡ ಹಸುವಿನ ಗೂಟದಲ್ಲಿ ಇನ್ನೂ ಕರು ಹಾಕದ ಕಡಸೊಂದು ನಿಂತಿತ್ತು. ಕಪ್ಪು ಬಿಳಿ ಮಚ್ಚೆ, ಹೊಸ ಹಗ್ಗ, ಕುತ್ತಿಗೆಗೆ ಗೆಜ್ಜೆ. ಮುನಿತಾಯಮ್ಮ ಸಗಣಿ ಬಾಚುತ್ತಿದ್ದಳು.

“ಎಲ್ಲಿಂದ ಬಂತು?”

“ಮಂಜುನಾಥಪ್ಪನೋರು ಕಟ್ಸವ್ರೆ,” ಎಂದಳು, ತಲೆಯೆತ್ತದೆ. “ಹೋದ ಬುಧವಾರ.”

“ಸೀತಾ ಒತ್ತಿದ್ಳಾ ಅದನ್ನ?”

“ನಾನೇ ಒತ್ತಿದ್ದು. ಅವರೇ ಬರ್ಕೊಂಡ್ ಬಂದಿದ್ರು, ನಂದು ಬೆರಳು ಇಕ್ಕಿದ್ದಷ್ಟೆ.”

“ಮುನಿತಾಯಿ, ನಿನ್ನ ಹಸು ಸಾಯಿಸಿದ್ದೇ ಅದು.”

ಮುನಿತಾಯಮ್ಮ ನೆಟ್ಟಗಾದಳು. ಸಗಣಿಯ ಕೈಯನ್ನು ಗೋಡೆಗೆ ಒರೆಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬೆಟ್ಟಯ್ಯನಿಗೆ ಚೆನ್ನಾಗಿತ್ತು.

“ಮನೆ ಬಾಗಿಲಿಗೆ ಕಡಸು ತಂದು ಕಟ್ಟವ್ರೆ. ಒಂದು ಬೆರಳು ಒತ್ತು ಅಂದ್ರು. ಆಗಲ್ಲ ಅಂತ ಹೆಂಗನ್ಲಿ? ನೀವೂ ಹಂಗೇ ಅಲ್ವಾ ಬೆಟ್ಟಣ್ಣ ಒತ್ತಿದ್ದು? ತಂಗಿ ಮನೆ ಅಂತ?”

ಬೆಟ್ಟಯ್ಯ ಅರವತ್ತು ವರ್ಷ ಮಾಡಿಕೊಂಡು ಬಂದದ್ದನ್ನೇ ಮಾಡಹೋದ. ಕಡಸಿನ ಬಳಿ ಹೋಗಿ ಬೆನ್ನ ಮೇಲೆ ಇಡಲು ಕೈ ಎತ್ತಿದ. ದೂರದಿಂದಲೇ ಕಣ್ಣಿಗೆ ಬಿದ್ದಿತ್ತು, ಅದರ ಪಕ್ಕೆ ಉಸಿರಿಗೆ ಬೇಗ ಬೇಗ ಏರಿಳಿಯುತ್ತಿತ್ತು.

ಮುನಿತಾಯಮ್ಮ ಎರಡು ಹೆಜ್ಜೆಯಲ್ಲಿ ಬಂದು ಮಧ್ಯೆ ನಿಂತಳು.

“ಬ್ಯಾಡ ಬಿಡಿ ಬೆಟ್ಟಣ್ಣ. ಮುಟ್ಬ್ಯಾಡಿ. ನೀವು ನೋಡಿ ಒಂದು ಮಾತು ಅಂದ್ಬಿಟ್ರೆ, ಆಮೇಲೆ ನಾನು ಇದನ್ನ ಕಟ್ಕೊಳ್ಳೋದಾ, ವಾಪಸ್ ಹೊಡ್ಕೊಂಡ್ ಹೋಗೋದಾ? ಹೆಂಗೋ ಇರ್ತದೆ.”

ಅವನು ಕೈ ಇಳಿಸಿದ. ಮುನಿತಾಯಮ್ಮ ಅವನಿಗೆ ಬೆನ್ನು ತಿರುಗಿಸಿ, ಬಕೆಟ್ಟಿನಲ್ಲಿ ಬೂಸಾ ಕಲಸಿ ಕಡಸಿನ ಮುಂದೆ ಇಟ್ಟಳು. ಅದು ಮೂಸಿ ನೋಡಿ, ಮುಖ ಆಚೆ ತಿರುಗಿಸಿಕೊಂಡಿತು. ಇಬ್ಬರೂ ಅದನ್ನು ನೋಡಿದರು. ಮುನಿತಾಯಮ್ಮ ಬಕೆಟ್ಟನ್ನು ಅದರ ಬಾಯಿಗೆ ಇನ್ನಷ್ಟು ಹತ್ತಿರ ತಳ್ಳಿದಳು.